ಹುಳುಮನೆಯ ಹೊಸ್ತಿಲು

ಮೇಲೂರಿನಲ್ಲಿ ಮುನಿಲಕ್ಷ್ಮಿಯ ಮನೆ ಯಾವುದು ಎಂದು ಕೇಳಿದರೆ ಜನ ಮನೆಯನ್ನು ತೋರಿಸುವುದಿಲ್ಲ, ಪಕ್ಕದ ಹುಳುಮನೆಯನ್ನು ತೋರಿಸುತ್ತಾರೆ. ತಪ್ಪೇನಿಲ್ಲ. ಎತ್ತರಕ್ಕೆ ಶೀಟು ಹೊದಿಸಿ, ಕಿಟಕಿಗೆಲ್ಲ ಪರದೆ ಬಡಿದು, ಗಾಳಿ ಬೆಳಕು ನೋಡಿ ಕಟ್ಟಿಸಿದ್ದು ಅದನ್ನೇ. ಅಲ್ಲಿ ರೇಷ್ಮೆಹುಳುಗಳು ರಾಜರ ಹಾಗಿರುತ್ತವೆ, ಮನೆಮಂದಿ ಪಕ್ಕದ ಎರಡು ಕೋಣೆಗಳಲ್ಲಿ ಹೇಗೋ ಕಾಲ ಹಾಕುತ್ತಾರೆ. ಹೀಗೆಂದು ಯಾರಾದರೂ ಕಾಲೆಳೆದರೆ ಮುನಿಲಕ್ಷ್ಮಿ ನಗುತ್ತಾಳೆ. "ಅವಕ್ಕೆ ಹೇಳ್ಕೊಳ್ಳಕ್ಕೆ ಬಾಯಿಲ್ಲವಲ್ಲಪ್ಪ, ನಾವೇ ನೋಡಿ ತಿಳ್ಕೊಬೇಕು" ಅನ್ನುತ್ತಾಳೆ.

ಹಾಗೆ ಹೇಳುವವಳಿಗೂ ಒಂದು ವಿಷಯದಲ್ಲಿ ಬಾಯಿರಲಿಲ್ಲ. ಅದು ಆ ಮನೆಗೆ ಬಹಳ ತಡವಾಗಿ ಗೊತ್ತಾಯಿತು.

ಅವಳ ತವರು ಪೆರೇಸಂದ್ರದ ಹೈವೇ ಬಿಟ್ಟು ಒಳಗೆ ಹೋಗಬೇಕಾದ ಒಂದು ಸಣ್ಣ ಊರು. ಮನೆಮಾತು ತೆಲುಗು, ಬೆಳೆ ಜೋಳ ರಾಗಿ. ರೇಷ್ಮೆ ಅಂದರೆ ಮದುವೆ ಸೀರೆ ಅಂತ ಮಾತ್ರ ಗೊತ್ತಿದ್ದ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ ಬೆರಳುದ್ದದ ಹುಳು ಕಂಡು ಕಿಟಾರನೆ ಕಿರುಚಿದಳಂತೆ. ಅತ್ತೆ ಮಂಗಮ್ಮ ಅವಳ ಅಂಗೈ ಬಿಡಿಸಿ, ಮೇಲೊಂದು ಹುಳು ಇಟ್ಟು, "ತಣ್ಣಗಿದೆಯಾ? ತಣ್ಣಗಿದ್ರೆ ಚೆನ್ನಾಗಿದೆ ಅಂತ" ಎಂದಷ್ಟೇ ಹೇಳಿ ತನ್ನ ಕೆಲಸಕ್ಕೆ ಹೋದಳು. ಅಲ್ಲಿಂದ ಶುರುವಾದದ್ದು. ಹುಳು ಬೆಳೆಯುವಾಗ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ ನಿದ್ದೆ ಹೋಗಿ, ಹಳೆಯ ಚರ್ಮ ಕಳಚಿ ಏಳುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಅನ್ನುತ್ತಾರೆ. ಯಾವ ಹುಳು ಜ್ವರಕ್ಕೆ ಕೂತಿದೆ, ಯಾವುದು ಎದ್ದು ಹಸಿದಿದೆ ಎಂದು ಮುನಿಲಕ್ಷ್ಮಿ ಬಾಗಿಲಲ್ಲಿ ನಿಂತೇ ಹೇಳುವಷ್ಟಾದಳು. ಹುಳುಗಳ ಮೇಲೆ ಅವಳಿಗೆ ಪ್ರೀತಿ ಹುಟ್ಟಿತು ಎಂದರೆ ನಗಬೇಡಿ, ಹುಟ್ಟಿದ್ದು ನಿಜ.

ಆದರೆ ಹುಳುಮನೆಗೆ ಅದರದೇ ಕಟ್ಟುಕಟ್ಟಳೆ. ಚಪ್ಪಲಿ ಹಾಕಿಕೊಂಡು ಬರಬಾರದು, ಮಲ್ಲಿಗೆ ಮುಡಿದು ಬರಬಾರದು, ಒಗ್ಗರಣೆಯ ಘಾಟು ಆ ಕಡೆ ಸುಳಿಯಬಾರದು. ಕೈಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಒಳಗೆ ಬರಬೇಕು. ಇವಕ್ಕೆಲ್ಲ ಮಂಗಮ್ಮ ಕಾರಣ ಕೊಡುತ್ತಿದ್ದಳು. ಕಾರಣ ಕೊಡದೆ ಇಟ್ಟ ಕಟ್ಟಳೆ ಒಂದೇ: ಹೊರಗಾದ ಹೆಂಗಸು ಹೊಸ್ತಿಲು ದಾಟಬಾರದು. ತಿಂಗಳಲ್ಲಿ ಆ ಮೂರು ದಿನ ಸೊಸೆ ಸೊಪ್ಪು ಕೊಯ್ದು ತಂದು ಹೊಸ್ತಿಲಾಚೆ ಇಟ್ಟರೆ ಮಂಗಮ್ಮ ಅದನ್ನು ಒಳಗೆ ತೆಗೆದುಕೊಳ್ಳುತ್ತಿದ್ದಳು. ಮಗಳು ಪ್ರಿಯಾಂಕ ದೊಡ್ಡವಳಾದ ಮೇಲೆ ಅವಳಿಗೂ ಅದೇ. ಹೀಗೇಕೆ ಎಂದು ಯಾರೂ ಕೇಳಿದ್ದಿಲ್ಲ.

ಮುನಿಲಕ್ಷ್ಮಿಗೆ ನಲವತ್ತು ದಾಟಿ ನಾಲ್ಕೈದು ವರ್ಷವಾಗಿತ್ತು. ಆ ವರ್ಷ ಯುಗಾದಿಗೆ ಹೊರಗಾದವಳಿಗೆ ಮೂರು ದಿನಕ್ಕೆ ನಿಲ್ಲಲಿಲ್ಲ. ವಾರಕ್ಕೂ ನಿಲ್ಲಲಿಲ್ಲ. ಒಂದೆರಡು ದಿನ ನಿಂತ ಹಾಗೆ ಮಾಡಿ ಮತ್ತೆ ಶುರು. ವಯಸ್ಸಾಯಿತು, ನಿಲ್ಲುವ ಮುಂಚೆ ಹೀಗೆಲ್ಲ ಆಗುತ್ತದೆ ಎಂದುಕೊಂಡಳು. ಹುಳುಗಳು ಆಗ ಮೂರನೇ ಜ್ವರ ಎದ್ದಿದ್ದವು. ಮಂಗಮ್ಮನಿಗೆ ಸೊಂಟ ಬಗ್ಗುತ್ತಿರಲಿಲ್ಲ, ಗಂಡ ಉದಯಕುಮಾರ್ ಸೊಪ್ಪು ತರುವುದರಲ್ಲೇ ಹೈರಾಣಾಗುತ್ತಿದ್ದ, ಪ್ರಿಯಾಂಕಳಿಗೆ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪರೀಕ್ಷೆ. ತಾನು ಹೊರಗೆ ಕೂತರೆ ಹುಳುಗಳಿಗೆ ಸೊಪ್ಪು ಹಾಕುವವರು ಯಾರು? ತುಟಿ ಪಿಟಿಕ್ ಅನ್ನದೆ ತಲೆಗೆ ನೀರು ಹಾಕಿಕೊಂಡು ಮುನಿಲಕ್ಷ್ಮಿ ಒಳಗೆ ಹೋದಳು. ಮಾರನೆಯ ದಿನವೂ ಹೋದಳು. ಒಳಗೆ ಕಾಲಿಡುವಾಗಲೆಲ್ಲ ಸುಣ್ಣದ ಪುಡಿಯನ್ನು ಎರಡೆರಡು ಸಲ ತುಳಿಯುತ್ತಿದ್ದಳು.

ಆ ಬೆಳೆ ಹೋಯಿತು. ನಾಲ್ಕನೇ ಜ್ವರ ಎದ್ದು ಗಬಗಬ ತಿನ್ನಬೇಕಾದ ಹುಳುಗಳು ಸೊಪ್ಪಿನ ಮೇಲೆ ಸುಮ್ಮನೆ ಬಿದ್ದುಕೊಂಡವು. ಮುಟ್ಟಿದರೆ ಮೆತ್ತಗೆ. ಸಪ್ಪೆರೋಗ ಎಂದರು ಬಂದು ನೋಡಿದವರು. ಗುಂಡಿ ತೋಡಿ, ಬುಟ್ಟಿಬುಟ್ಟಿ ಹುಳು ಸುರಿದು, ಬ್ಲೀಚಿಂಗ್ ಪೌಡರ್ ಹಾಕಿ ಮುಚ್ಚಿದರು. ಮಂಗಮ್ಮ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಯಾವುದೋ ಮೈಲಿಗೆ ತಗುಲ್ತು" ಅಂದಳು. ಯಾರನ್ನೂ ನೋಡಿ ಅಂದದ್ದಲ್ಲ. ಆದರೂ ಆ ಮಾತು ತನಗೇ ಎಂದು ಮುನಿಲಕ್ಷ್ಮಿಗೆ ಅನ್ನಿಸಿತು. ನನ್ನ ಕೈಯಾರೆ ಸಾಯಿಸಿದೆ ಅಂದುಕೊಂಡಳು. ಉದಯಕುಮಾರ್ ಕೂಡ ಅವತ್ತು ಒಂದು ಮಾತಾಡದೆ ಮಣ್ಣು ಎಳೆಯುತ್ತಿದ್ದ. ಅವನು ಮೊದಲೇ ಮಾತು ಕಡಿಮೆಯವನು, ಅದಕ್ಕೇ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈಗಂತೂ ಹೇಳುವ ಹಾಗೇ ಇರಲಿಲ್ಲ. ಹೇಳಿದರೆ ಬೆಳೆ ಹಾಳು ಮಾಡಿದ್ದು ಇವಳೇ ಎಂದಾಗುತ್ತದೆ. ಹೇಳದಿದ್ದರೆ ರಕ್ತ ಹೋಗುತ್ತಲೇ ಇರುತ್ತದೆ. ಮುನಿಲಕ್ಷ್ಮಿ ಊರದೇವತೆ ಗಂಗಮ್ಮನಿಗೆ ಹರಕೆ ಕಟ್ಟಿಕೊಂಡಳು. ಯಾರೋ ಹೇಳಿದ ಬೇರು ಅರೆದು ಕುಡಿದಳು. ಹೊಸದಾಗಿ ಹುಳು ತಂದಾಗ ಮಂಡಿ ನೋವು ಎಂದು ಸುಳ್ಳು ಹೇಳಿ ಹುಳುಮನೆಯ ಕಡೆ ಹೋಗಲಿಲ್ಲ. ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸಿ ಕೊಡುತ್ತಿದ್ದಳು. ಮಂಗಮ್ಮ ಒಳಗಿನಿಂದ, "ಈ ವಯಸ್ಸಿಗೇ ಮಂಡಿ ಹೋಯ್ತಾ, ನಂದು ಇನ್ನೂ ಗಟ್ಟಿಯಾಗೈತೆ" ಎಂದು ಗೊಣಗುತ್ತಿದ್ದಳು. ಅವಳ ಮಂಡಿ ಗಟ್ಟಿಯಿತ್ತೋ ಇಲ್ಲವೋ, ನಾಲಿಗೆಯಂತೂ ಗಟ್ಟಿಯಿತ್ತು.

ಆಷಾಢದಲ್ಲಿ ಒಂದು ಬೆಳಿಗ್ಗೆ ಮುನಿಲಕ್ಷ್ಮಿ ಶಿಡ್ಲಘಟ್ಟಕ್ಕೆ ಹೋದಳು. ಮೇಲೂರಿನ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಪರಿಚಯವಿಲ್ಲದ ಅಂಗಡಿಯಲ್ಲಿ ರಕ್ತ ನಿಲ್ಲುವ ಮಾತ್ರೆ ಕೇಳೋಣ ಎಂಬ ಲೆಕ್ಕ. ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟಳೋ ಇಲ್ಲವೋ ಕಣ್ಣು ಕತ್ತಲಿಟ್ಟಿತು. ಬಸ್‌ಸ್ಟಾಂಡಿನ ಕಂಬ ಹಿಡಿದು ಹಾಗೇ ಕುಸಿದಳು. "ಅಮ್ಮಾ, ತಟ್ಟುಕೋಲೇನು" ಅಂದದ್ದಷ್ಟೇ ಅವಳಿಗೆ ನೆನಪು. ತಡೆದುಕೊಳ್ಳಲಾರೆ ಎನ್ನುವಂಥ ಸಂಕಟ ಬಂದಾಗ ಅವಳ ಬಾಯಿಗೆ ಬರುವುದು ತವರಿನ ಮಾತೇ.

ಕಣ್ಣು ಬಿಟ್ಟಾಗ ಯಾರೋ ಅವಳ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಬಿಳಿ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ತರಕಾರಿ ಚೀಲ. ಎಸ್ತೇರಮ್ಮ! ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ಪ್ರಿಯಾಂಕ ಹುಟ್ಟಿದಾಗ ಹೆರಿಗೆ ಮಾಡಿಸಿದವರು. ರಿಟೈರ್ ಆಗಿ ಶಿಡ್ಲಘಟ್ಟದಲ್ಲಿ ತಂಗಿಯ ಮನೆಯಲ್ಲಿದ್ದರು.

"ಮೈಯಲ್ಲಿ ರಕ್ತಾನೇ ಇಲ್ವಲ್ಲಮ್ಮ ನಿಂಗೆ" ಎಂದು ಎಸ್ತೇರಮ್ಮ ಅವಳ ಕೈ ಹಿಡಿದರು.

ಮುನಿಲಕ್ಷ್ಮಿ ಕೈ ಎಳೆದುಕೊಂಡಳು. "ಮುಟ್ಟಬೇಡಿ ನರ್ಸಮ್ಮ, ನಾನು ಹೊರಗಾಗಿದೀನಿ."

"ಗೊತ್ತಾಯ್ತು ಬಿಡು" ಎಂದು ಎಸ್ತೇರಮ್ಮ ಮತ್ತೆ ಕೈ ಹಿಡಿದರು. ಈ ಸಲ ಬಿಡಲಿಲ್ಲ.

ಪಕ್ಕದ ಹೋಟೆಲಿನಲ್ಲಿ ಕೂರಿಸಿ ಹಾಲು ಕುಡಿಸಿದರು. ಆ ಹಿಡಿದ ಕೈಯೇ ಮುನಿಲಕ್ಷ್ಮಿಯ ಬಾಯಿ ಬಿಡಿಸಿತೋ ಏನೋ, ಯುಗಾದಿಯಿಂದ ಆದದ್ದನ್ನೆಲ್ಲ ಹೇಳಿದಳು. ಹುಳು ಸತ್ತದ್ದನ್ನೂ ಹೇಳಿ ಅತ್ತಳು. ಎಸ್ತೇರಮ್ಮ ಇನ್ನೊಂದು ಲೋಟ ಹಾಲು ತರಿಸಿದರು. ಕೊನೆಗೆ, "ನಮ್ಮ ಯೇಸುಸ್ವಾಮಿ ಕಾಲದಲ್ಲೂ ನಿನ್ನಂಥವಳೇ ಒಬ್ಬಳು ಇದ್ಳು, ಹೇಳ್ತೀನಿ ಕೇಳು" ಅಂದರು. ಮುನಿಲಕ್ಷ್ಮಿಗೆ ಮೊದಲು ಕಸಿವಿಸಿಯಾಯಿತು. ತನ್ನ ದೇವರುಗಳಿಗೆ ಹರಕೆ ಬಾಕಿ ಇರುವಾಗ ಇನ್ನೊಂದು ದೇವರ ಕಥೆ ಕೇಳಬಹುದೋ ಬಾರದೋ? ಆದರೆ ಎದ್ದು ಹೋಗಲು ಕಾಲಲ್ಲಿ ಶಕ್ತಿ ಇರಲಿಲ್ಲ, ಕೇಳಿದಳು.

"ಅವಳಿಗೆ ಹನ್ನೆರಡು ವರ್ಷ ಹಿಂಗೇ ರಕ್ತ ಹೋಗ್ತಿತ್ತು. ವೈದ್ಯರ ಹತ್ರ ಸುತ್ತಿ ಸುತ್ತಿ ಇನ್ನೂ ಜಾಸ್ತಿಯಾಗಿತ್ತು" ಎಂದು, ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ದುಡಿದ ಎಸ್ತೇರಮ್ಮ ಸಣ್ಣಗೆ ನಕ್ಕರು. "ಅವರ ಜನರಲ್ಲೂ ಹೊರಗಾದೋರು ಯಾರನ್ನೂ ಮುಟ್ಟಂಗಿರಲಿಲ್ಲ. ಒಂದಿನ ಯೇಸುಸ್ವಾಮಿ ಆ ದಾರೀಲಿ ಬಂದ್ರು. ಊರಿನ ದೊಡ್ಡ ಮನುಷ್ಯನ ಮಗಳು ಸಾಯೋ ಹಂಗಿದ್ಳು, ಆ ಮಗೂನ ನೋಡಕ್ಕೆ ಅವಸರವಾಗಿ ಹೋಗ್ತಾ ಇದ್ರು. ಜಾತ್ರೆ ಹಂಗೆ ಜನ. ಇವಳು ಹಿಂದಿನಿಂದ ನುಗ್ಗಿ, ಯಾರಿಗೂ ಕಾಣದಂಗೆ ಅವರ ಬಟ್ಟೆ ಅಂಚು ಮುಟ್ಟಿದ್ಳು. ರಕ್ತ ನಿಂತುಹೋಯ್ತು."

"ಅಷ್ಟೇನಾ?"

"ಅಷ್ಟೇ ಆಗಿದ್ರೆ ಕಥೆ ಮುಗೀತಿತ್ತು. ಅವರು ನಿಂತು, ನನ್ನ ಮುಟ್ಟಿದ್ದು ಯಾರು ಅಂತ ಕೇಳಿದ್ರು. ಅವಳು ನಡುಗ್ತಾ ಮುಂದೆ ಬಂದು ಎಲ್ಲರೆದುರಿಗೂ ಇದ್ದದ್ದು ಇದ್ದಂಗೆ ಹೇಳಿದ್ಳು."

"ಪಾಪ, ಅಷ್ಟು ಜನರ ಮುಂದೆ ಯಾಕೆ ಕೇಳಬೇಕಿತ್ತು? ಹೆಂಗೂ ವಾಸಿಯಾಗಿತ್ತಲ್ಲ, ಸುಮ್ನೆ ಹೋಗಕ್ಕೆ ಬಿಡಬಹುದಿತ್ತು" ಎಂದಳು ಮುನಿಲಕ್ಷ್ಮಿ. ಅವಳಿಗೆ ಸಿಟ್ಟೇ ಬಂದಿತ್ತು.

"ಬಿಟ್ಟಿದ್ರೆ ಅವಳು ಜೀವ ಇರೋವರೆಗೂ ಕದ್ದುಕೊಂಡು ಬಂದೆ ಅಂತಲೇ ಅಂದ್ಕೊಂಡಿರ್ತಿದ್ಳು. ಅವರು ಬೈಲಿಲ್ಲ ಕಣಮ್ಮ. ಮಗಳೇ ಅಂದ್ರು. ನಿನ್ನ ನಂಬಿಕೆಯಿಂದ ವಾಸಿಯಾಯ್ತು, ನೆಮ್ಮದಿಯಾಗಿ ಹೋಗು ಅಂದ್ರು."

ಮುನಿಲಕ್ಷ್ಮಿ ಹಾಲಿನ ಲೋಟ ಕೆಳಗಿಟ್ಟಳು. "ಆ ಮಗು ಏನಾಯ್ತು ನರ್ಸಮ್ಮ?"

"ಅಷ್ಟರಲ್ಲಿ ಸತ್ತೇಹೋಯ್ತು ಅಂತ ಸುದ್ದಿ ಬಂತು. ಆದ್ರೂ ಹೋದ್ರು. ಕೈ ಹಿಡಿದು ಎಬ್ಬಿಸಿದ್ರು, ಎದ್ದು ಓಡಾಡಿದ್ಳು."

ನಾಳೆಯೇ ಚಿಕ್ಕಬಳ್ಳಾಪುರಕ್ಕೆ ಬಾ, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ, ಮನೆಯವರಿಗೆ ಹೇಳಿಯೇ ಬಾ ಎಂದು ಹೇಳಿ ಎಸ್ತೇರಮ್ಮ ಅವಳನ್ನು ಬಸ್ಸು ಹತ್ತಿಸಿದರು.

ಬಸ್ಸಿನಲ್ಲಿ ಮುನಿಲಕ್ಷ್ಮಿಯ ತಲೆ ಆ ಕಥೆಯನ್ನು ಬಿಡಲಿಲ್ಲ. ರಕ್ತ ನಿಂತದ್ದು ಅವಳಿಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ, ದೇವರು ಎಂದ ಮೇಲೆ ನಿಲ್ಲಿಸದೆ ಇರುತ್ತಾನೆಯೇ. ಅವಳನ್ನು ಹಿಡಿದದ್ದು ಆ ಮಗು. ಮುಟ್ಟಬಾರದವಳು ಮುಟ್ಟಿದ ಮೇಲೆ ಆ ಸ್ವಾಮಿ ಮೈಲಿಗೆಯಾದೆ ಎಂದು ವಾಪಸು ಹೋಗಲಿಲ್ಲ. ಸ್ನಾನ ಮಾಡಿ ಬರುತ್ತೇನೆ ಎನ್ನಲೂ ಇಲ್ಲ. ನೇರವಾಗಿ ಹೋಗಿ ಮಗುವಿನ ಕೈ ಹಿಡಿದ, ಮಗು ಎದ್ದಿತು. ಆ ಹೆಂಗಸು ಮುಟ್ಟಿದ್ದರಿಂದ ಆ ಕೈ ಕೆಡಲಿಲ್ಲ. ಅವಳಿಂದ ಆ ಮಗುವಿಗೆ ಏನೂ ತಗುಲಲಿಲ್ಲ. ಹಾಗಾದರೆ ತನ್ನ ಹುಳುಗಳು? ಈ ಪ್ರಶ್ನೆ ಬಂದೊಡನೆ ಮುನಿಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಸಲೀಸಾಗಿ ಉಸಿರು ಬಂತು.

ಉಸಿರು ಬಂದರೆ ಸಾಕೇ, ಬಾಯಿ ಬರಬೇಕಲ್ಲ. ಮನೆ ಮುಟ್ಟುವ ಹೊತ್ತಿಗೆ ಹುಳುಮನೆಯಲ್ಲಿ ಕೈ ಸಾಲದೆ ಗಲಾಟೆ. ಹುಳುಗಳು ನಾಲ್ಕನೇ ಜ್ವರ ಎದ್ದು ಎಷ್ಟು ಸೊಪ್ಪು ಹಾಕಿದರೂ ಸಾಲದೆ ತಿನ್ನುತ್ತಿದ್ದವು. ಉದಯಕುಮಾರ್ ಹೆಗಲ ಮೇಲೆ ಸೊಪ್ಪಿನ ಹೊರೆ ಹೊತ್ತು ಅಂಗಳದಲ್ಲಿದ್ದ. ಪ್ರಿಯಾಂಕ ಒಳಗೆ ಅಜ್ಜಿಯ ಜೊತೆ ಹುಳುತಟ್ಟೆಯ ಸ್ಟ್ಯಾಂಡುಗಳ ಮಧ್ಯೆ ಓಡಾಡುತ್ತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ಯೇ? ಬಾ ಒಳಗೆ" ಎಂದಳು ಮಂಗಮ್ಮ.

ಮುನಿಲಕ್ಷ್ಮಿ ಸುಣ್ಣದ ಪುಡಿಯ ಈಚೆಗೆ ನಿಂತಳು. "ನಾನು ಬರಂಗಿಲ್ಲ ಅತ್ತೆ."

"ಆ ಮಂಡಿ ನೋವಿನ ಹರಿಕಥೆ ಎಷ್ಟು ದಿನ ಹೇಳ್ತೀಯ?"

"ಮಂಡಿ ನೋವಲ್ಲ. ಹೊರಗಾಗಿದೀನಿ."

"ಸರಿ, ಮೂರು ದಿನ ಕಳೀಲಿ ಬಿಡು."

"ಮೂರು ದಿನಕ್ಕೆ ಮುಗಿಯೋದಲ್ಲ ಅತ್ತೆ. ಯುಗಾದಿ ಆದಾಗ್ಲಿಂದ ನಿಂತಿಲ್ಲ. ಹೋದ ಬೆಳೇಲಿ ಹಂಗೇ ಒಳಗೆ ಬಂದಿದ್ದೆ. ದಿನಾ ಬಂದಿದ್ದೆ. ಸೊಪ್ಪು ಹಾಕಿದ್ದು ಈ ಕೈಯಲ್ಲೇ."

ಹೇಳಿ ಮುಗಿಸಿದಳು. ಮಂಗಮ್ಮನ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಪ್ರಿಯಾಂಕ ಅಮ್ಮನನ್ನೇ ನೋಡುತ್ತಿದ್ದಳು.

ಮೊದಲು ಮಾತಾಡಿದ್ದು, ನಂಬಿದರೆ ನಂಬಿ, ಉದಯಕುಮಾರ್. ಹೊರೆಯನ್ನು ಧೊಪ್ಪನೆ ಕೆಳಗೆ ಹಾಕಿ, "ಅಮ್ಮ, ಅವಳನ್ನ ಏನೂ ಅನ್ಬೇಡ. ಆ ಬೆಳೆ ಹೋಗಿದ್ದು ನನ್ನಿಂದ" ಎಂದ.

ಒಂದೊಂದೇ ಮಾತು ಕಿತ್ತು ಕಿತ್ತು ಹೇಳಿದ. ಆಗ ತೋಟದ ಸೊಪ್ಪು ಸಾಲದೆ ಚಿಂತಾಮಣಿ ಕಡೆಯಿಂದ ಕೊಂಡು ತಂದದ್ದು ನೆನಪಿದೆಯಲ್ಲ ಅಮ್ಮ. ಅವತ್ತು ಅಲ್ಲೇ ಸ್ನೇಹಿತ ಚಲಪತಿಯ ಮನೆಯಲ್ಲಿ ಬೀಗರ ಊಟ. ಟೆಂಪೋ ತುಂಬ ಒತ್ತಿ ಕಟ್ಟಿದ ಸೊಪ್ಪನ್ನು ಬಿಸಿಲಿಗೆ ನಿಲ್ಲಿಸಿ, ಬಾಡೂಟಕ್ಕೆ ಕೂತವನು ಹೊತ್ತು ಇಳಿದ ಮೇಲೆ ಎದ್ದಿದ್ದ. ಮನೆಗೆ ತಂದು ಬಿಚ್ಚಿದಾಗ ಒಳಗಿನ ಸೊಪ್ಪು ಬಿಸಿಯಾಗಿ, ಬೆಂದು, ಹುಳಿ ವಾಸನೆ ಹೊಡೆಯುತ್ತಿತ್ತು. ನೀರು ಚಿಮುಕಿಸಿ, ಗಾಳಿಗೆ ಹರಡಿ, ಯಾರಿಗೂ ಹೇಳದೆ ಒಳಗೆ ಕೊಟ್ಟಿದ್ದ. ಬೆಂದ ಸೊಪ್ಪು ತಿಂದರೆ ಹುಳುವಿಗೆ ಸಪ್ಪೆರೋಗ ಬರುತ್ತದೆ ಎಂದು ಆ ಊರಿನ ಮಕ್ಕಳಿಗೂ ಗೊತ್ತು.

"ಇವಳು ಹಿಂಗೆ ಅಂದ್ಕೊಂಡಿದಾಳೆ ಅಂತ ನಂಗೆ ಗೊತ್ತಿರಲಿಲ್ಲಮ್ಮ" ಎಂದು ತಲೆ ತಗ್ಗಿಸಿದ.

ಮಂಗಮ್ಮನಿಗೆ ಬಂದ ಕೋಪಕ್ಕೆ ಆ ಹೊತ್ತಿನಲ್ಲಿ ಶೀಟು ಹಾರಿಹೋಗಬೇಕಿತ್ತು. ಆದರೆ ಅವಳು ಮಗನ ಕಡೆ ತಿರುಗಲೇ ಇಲ್ಲ. ಹೊಸ್ತಿಲಿಗೆ ಬಂದು ಸೊಸೆಯ ಮುಖ ನೋಡಿದಳು. ಬಿಳಿಚಿಕೊಂಡ ತುಟಿ ನೋಡಿದಳು. ದಿನಾ ಎದುರಿಗಿದ್ದ ಮುಖವನ್ನು ಅವಳು ಯುಗಾದಿಯಾದ ಮೇಲೆ ನೋಡಿದ್ದು ಆಗಲೇ.

"ಯುಗಾದಿಯಿಂದನಾ?" ಎಂದಳು. ಆಮೇಲೆ ಮೊಮ್ಮಗಳಿಗೆ, "ಆಟೋ ಕರೆಸಮ್ಮ. ಆಸ್ಪತ್ರೆಗೆ ನಾನೂ ಹೋಗ್ತೀನಿ."

"ಹುಳ ಯಾರು ನೋಡ್ತಾರೆ ಅಜ್ಜಿ?"

"ನಿಮ್ಮಪ್ಪ ನೋಡ್ಕೊಳ್ಳಲಿ. ಇವತ್ತು ಎಲ್ಲೂ ಬೀಗರ ಊಟ ಇಲ್ಲ ತಾನೆ."

ನಾಳೆಯವರೆಗೂ ಕಾಯಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಗರ್ಭಕೋಶದಲ್ಲಿ ಗಡ್ಡೆ ಎಂದರು. ಮೊದಲು ರಕ್ತ ಹಾಕಿದರು, ಮೈಗೆ ಸ್ವಲ್ಪ ಕಸುವು ಬಂದ ಮೇಲೆ ಆಪರೇಷನ್ ಮಾಡಿದರು. ಇನ್ನಷ್ಟು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಮಂಗಮ್ಮನಿಗೇ ಹೇಳಿದರು. ಎಸ್ತೇರಮ್ಮ ಬಂದು ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೋದರು. ಮಂಗಮ್ಮ ಅದನ್ನು ಓರೆಗಣ್ಣಿನಲ್ಲಿ ನೋಡಿದಳು, ಬೇಡ ಎನ್ನಲಿಲ್ಲ.

ಅವರು ಹೋದ ಮೇಲೆ ಕೇಳಿದಳು. "ಅವತ್ತು ಆಯಮ್ಮ ಏನೋ ಕಥೆ ಹೇಳಿದ್ರು ಅಂದ್ಯಲ್ಲ, ಅದೇನು?"

ಮುನಿಲಕ್ಷ್ಮಿ ಮಲಗಿದಲ್ಲಿಂದಲೇ ಹೇಳಿದಳು. ತೆಲುಗು ಕನ್ನಡ ಬೆರೆಸಿ, ನಿಲ್ಲಿಸಿ ನಿಲ್ಲಿಸಿ. ಬಟ್ಟೆಯ ಅಂಚು, ಜನರ ಮಧ್ಯೆ ಕೇಳಿದ ಪ್ರಶ್ನೆ, ಮಗಳೇ ಎಂದ ಮಾತು, ಎದ್ದು ಓಡಾಡಿದ ಮಗು. ಮಂಗಮ್ಮ ಸೊಸೆಯ ಸೀರೆ ಮಡಚುತ್ತಾ ಕೇಳಿಸಿಕೊಂಡಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು.

"ಹನ್ನೆರಡು ವರ್ಷ" ಎಂದಳು ಕೊನೆಗೆ. "ಅಷ್ಟು ವರ್ಷ ಅವಳ ಮನೇಲಿ ಒಬ್ಬರೂ, ಯಾಕಮ್ಮ ಹಿಂಗಿದೀಯ ಅಂತ ಕೇಳಲೇ ಇಲ್ವಾ?"

ಮಂಗಮ್ಮ ಸೀರೆಯನ್ನು ಮಂಚದ ಮೇಲಿಟ್ಟು ಕಣ್ಣೊರೆಸಿಕೊಂಡಳು.

ಮುನಿಲಕ್ಷ್ಮಿ ಧರ್ಮ ಬಿಟ್ಟಳೇ ಎಂದು ಊರಿನ ಕೆಲವರಿಗೆ ಈಗಲೂ ಕುತೂಹಲ. ಇಲ್ಲ. ಗಂಗಮ್ಮನ ಹರಕೆಯನ್ನು ತಂಬಿಟ್ಟು ಮಾಡಿ ತೀರಿಸಿದಳು. ಶಿಡ್ಲಘಟ್ಟಕ್ಕೆ ಹೋದಾಗ ಎಸ್ತೇರಮ್ಮನ ಮನೆಗೂ ಹೋಗಿ, ಆ ಕಥೆಯನ್ನು ಬೈಬಲಿನಿಂದ ಓದಿ ಹೇಳಿ ಎಂದು ಕೂರುತ್ತಾಳೆ. ಹೊರಗಾದವಳಿಂದ ಏನೂ ತಗುಲುವುದಿಲ್ಲ ಎನ್ನುವ ನಂಬಿಕೆ ಅವಳಿಗೆ ಪೂರ್ತಿಯಾಗಿ ಬಂದಿತ್ತು ಎಂದೂ ನಾನು ಹೇಳುವುದಿಲ್ಲ. ಅದು ಗೊತ್ತಾದದ್ದು ಕಾರ್ತಿಕದ ಬೆಳೆಯಲ್ಲಿ.

ಅವತ್ತು ಹುಳುಗಳು ಮೂರನೇ ಜ್ವರ ಎದ್ದಿದ್ದವು. ಮುನಿಲಕ್ಷ್ಮಿ, ಮಂಗಮ್ಮ ಇಬ್ಬರೂ ಒಳಗಿದ್ದರು. ಪ್ರಿಯಾಂಕ ಸೊಪ್ಪಿನ ಬುಟ್ಟಿ ತಂದು ಹೊಸ್ತಿಲಾಚೆ ಇಟ್ಟು ಅಲ್ಲೇ ನಿಂತಳು. "ಅಮ್ಮ, ತಗೋ. ನಾನು ಇವತ್ತು ಬರಂಗಿಲ್ಲ."

ಮಗಳು ತಲೆ ತಗ್ಗಿಸಿ ನಿಂತದ್ದನ್ನು ಮುನಿಲಕ್ಷ್ಮಿ ನೋಡಿದಳು. ಬಾ ಒಳಗೆ ಎನ್ನಬೇಕು ಅನ್ನಿಸಿತು. ಬಸ್ಸಿನಲ್ಲಿ ತಿಳಿದುಕೊಂಡದ್ದೆಲ್ಲ ಬಾಯಿಯ ತುದಿಗೆ ಬಂತು. ಆದರೆ ಕಣ್ಣ ಮುಂದೆ ಆ ಗುಂಡಿಯೂ ಬಂತು. ಇಷ್ಟೆಲ್ಲ ಆದ ಮೇಲೂ ಭಯ ಹೋಗಿರಲಿಲ್ಲ, ಮೈಯೊಳಗೇ ಇತ್ತು. ಅತ್ತೆಯ ಕಡೆ ತಿರುಗಿ, "ಕರೀಲಾ ಅತ್ತೆ?" ಎಂದಳು. "ಆಮೇಲೆ ಬೆಳೆ ಹೋದ್ರೆ?"

ಮಂಗಮ್ಮ ತಟ್ಟೆಯಿಂದ ಒಂದು ಹುಳು ಎತ್ತಿ ಅಂಗೈ ಮೇಲಿಟ್ಟುಕೊಂಡು ತಣ್ಣಗಿದೆಯೇ ಎಂದು ನೋಡಿದಳು. "ಹೋದ್ರೆ ಸೊಪ್ಪು ಹೆಂಗಿತ್ತು ಅಂತ ನೋಡಣ" ಎಂದಳು. "ಹುಡುಗೀನಲ್ಲ."

ಪ್ರಿಯಾಂಕ ಕೈಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಬಂದಳು. ಮುನಿಲಕ್ಷ್ಮಿ ಅವಳಿಗೆ ತನ್ನ ಪಕ್ಕದಲ್ಲೇ ಜಾಗ ಬಿಟ್ಟಳು, ಮೂವರೂ ಸೊಪ್ಪು ಹಾಕಲು ಶುರು ಮಾಡಿದರು.